ನೆರಳಿನ ಗಿಡ: ತೋಟದ ಮೇಷ್ಟ್ರನ್ನು ಕೇಳಿ (ಈ ವಾರ ಲಂಗ್‌ವರ್ಟ್)

ಜಯನಗರ ಸದಸ್ಯೆ: ಮೇಷ್ಟ್ರೇ, ನಮಸ್ಕಾರ. ಮನೆ ಮುಂದೆ ಹೊಂಗೆ ಮರದ ನೆರಳು. ಏನು ನೆಟ್ಟರೂ ಬರ್ತಿಲ್ಲ. ಆನ್‌ಲೈನ್‌ನಲ್ಲಿ ಲಂಗ್‌ವರ್ಟ್ ನೋಡಿದೆ, ಎಲೆ ಮೇಲೆ ಬೆಳ್ಳಿ ಚುಕ್ಕೆ, ತುಂಬಾ ಚೆನ್ನಾಗಿದೆ. ಬೆಂಗಳೂರಲ್ಲಿ ಬರುತ್ತಾ?

ಮೇಷ್ಟ್ರು: ನಮಸ್ಕಾರ. ಕಷ್ಟ. ಅದು ಯುರೋಪಿನ ಕಾಡಿನ ಗಿಡ. ಕೊರೆಯುವ ಚಳಿಯಲ್ಲಿ ಮಲಗಿದ್ದು, ಚಳಿ ಮುಗಿಯುತ್ತಿದ್ದಂತೆ ಹೂ ಬಿಡುತ್ತದೆ. ಹೂವು ಮೊದಲು ಗುಲಾಬಿ, ಆಮೇಲೆ ನೀಲಿ. ನಮ್ಮ ಜನವರಿ ರಾತ್ರಿಯ 15 ಡಿಗ್ರಿ ಅದಕ್ಕೆ ಚಳಿಯೇ ಅಲ್ಲ. ಏಪ್ರಿಲ್‌ನಲ್ಲಿ ನೆರಳಲ್ಲೂ ಬಾಡುತ್ತದೆ. ಮಣ್ಣು ಒಣಗಿದರೆ ಬೂದಿ ರೋಗ, ನೀರು ನಿಂತರೆ ಬುಡ ಕೊಳೆ. ಚುಕ್ಕೆ ಎಲೆಯೇ ಬೇಕು ಅಂದರೆ ಅಲ್ಯೂಮಿನಿಯಂ ಪ್ಲಾಂಟ್ ಅಥವಾ ಚುಕ್ಕೆ ಬಿಗೋನಿಯಾ ಹಾಕಿ. ಹೊಂಗೆ ಬೇರು ನೀರು ಹೀರುತ್ತದೆ, ಕುಂಡದಲ್ಲಿಡುವುದು ಮೇಲು.

ಯಲಹಂಕ ಸದಸ್ಯ: ಸರ್, ಲಂಗ್‌ವರ್ಟ್ ಬೆಂಗಳೂರಲ್ಲಿ ಬರುತ್ತಾ?

ಮೇಷ್ಟ್ರು: ಮೇಲೆ ಓದಿ.

ಬಸವನಗುಡಿ ಸದಸ್ಯ: ಬೀಜವನ್ನು ಫ್ರಿಜ್‌ನಲ್ಲಿಟ್ಟರೆ ಚಳಿ ಸಿಕ್ಕ ಹಾಗಾಯ್ತಲ್ವಾ?

ಮೇಷ್ಟ್ರು: ಬೀಜಕ್ಕೆ ಸಿಗುತ್ತದೆ. ಗಿಡವನ್ನು ಪ್ರತಿ ವರ್ಷ ಫ್ರಿಜ್‌ನಲ್ಲಿಡುತ್ತೀರಾ?

ಹೆಬ್ಬಾಳ ಸದಸ್ಯೆ: ಬಾಲ್ಕನಿ ಕುಂಡದಲ್ಲಿ ಪಾರಿವಾಳ ಮೊಟ್ಟೆ ಇಟ್ಟಿದೆ. ಏನು ಮಾಡಲಿ?

ವಿಜಯನಗರ ಸದಸ್ಯ: *ಫಾರ್ವರ್ಡ್* ಚುಕ್ಕೆ ಎಲೆ ಗಿಡ ಶ್ವಾಸಕೋಶಕ್ಕೆ ರಾಮಬಾಣ! ಎಲೆ ಕುದಿಸಿ ಕುಡಿಯಿರಿ. ಎಲ್ಲರಿಗೂ ಕಳಿಸಿ 🙏

ಮೇಷ್ಟ್ರು: ಇದನ್ನು ಡಿಲೀಟ್ ಮಾಡಿ. ಹಿಂದೆ ಯುರೋಪಿನವರು ಲಂಗ್‌ವರ್ಟ್ ಎಲೆ ಶ್ವಾಸಕೋಶದ ಥರ ಕಾಣುತ್ತದೆ ಅಂತ ಅದನ್ನೇ ಮದ್ದು ಅಂದುಕೊಂಡರು. ಯಾವ ಗಿಡ ಅಂತಲೂ ಹೇಳದೆ "ಚುಕ್ಕೆ ಎಲೆ" ಅಂದರೆ ಜನ ಯಾವುದನ್ನು ಕುದಿಸಬೇಕು?

ರಾಜಾಜಿನಗರ ಸದಸ್ಯೆ: ಮೇಷ್ಟ್ರೇ, ನಮ್ಮತ್ತೆಗೂ ಇದೇ ಮೆಸೇಜ್ ಬಂದಿತ್ತು. ಮಗನ ಕೆಮ್ಮಿಗೆ ಕಷಾಯ ಮಾಡಲು ಹಾಲ್‌ನಲ್ಲಿದ್ದ ಗಿಡದ ಎಲೆ ಕಿತ್ತಿದ್ದಾರೆ. ಚೂರು ಕಚ್ಚಿ ನೋಡಿದರಂತೆ, ಈಗ ನಾಲಿಗೆ ಉರಿ ಅಂತಿದ್ದಾರೆ. ಫೋಟೋ ಹಾಕಿದ್ದೀನಿ.

ಮೇಷ್ಟ್ರು: ಮಗುವಿಗೆ ಕೊಡಬೇಡಿ! ಅದು ಡೈಫೆನ್‌ಬೇಕಿಯಾ, ವಿಷದ ಗಿಡ. ಫೋಟೋದಲ್ಲೇ ನೋಡಿ, ಕಬ್ಬಿನ ಥರ ದಪ್ಪ ಕಾಂಡ, ನುಣುಪಾದ ಎಲೆ. ಲಂಗ್‌ವರ್ಟ್ ಎಲೆ ಮುಟ್ಟಿದರೆ ಒರಟು, ರೋಮ ಇರುತ್ತದೆ, ನೆಲಕ್ಕೆ ಹತ್ತಿದ ಹಾಗೆ ಪೊದೆಯಾಗಿ ಬೆಳೆಯುತ್ತದೆ. ನಿಮ್ಮ ಗಿಡದ ರಸದಲ್ಲಿ ಸೂಜಿಯಂಥ ಹರಳುಗಳಿವೆ, ಕಚ್ಚಿದ ಕೂಡಲೇ ಬಾಯಿಯೊಳಗೆ ಚುಚ್ಚಿಕೊಳ್ಳುತ್ತವೆ. ಈಗಲೇ ಅತ್ತೆಯವರಿಗೆ ಬಾಯಿ ಚೆನ್ನಾಗಿ ಮುಕ್ಕಳಿಸಲು ಹೇಳಿ. ತಣ್ಣನೆ ಹಾಲೋ ನೀರೋ ಗುಟುಕು ಗುಟುಕಾಗಿ ಕೊಡಿ. ವಾಂತಿ ಮಾಡಿಸಬೇಡಿ. ಆ ಕೈಯಲ್ಲಿ ಕಣ್ಣು ಮುಟ್ಟದಿರಲಿ. ನಾಲಿಗೆ ಊದಿದರೆ, ದನಿ ಬದಲಾದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಓಡಿ. ಗಿಡದ ಫೋಟೋ ತೋರಿಸಿ. ಮಗು ಏನಾದರೂ ಬಾಯಿಗೆ ಹಾಕಿತಾ? ಅದನ್ನು ಮೊದಲು ಹೇಳಿ.

ಮಲ್ಲೇಶ್ವರಂ ಸದಸ್ಯೆ: ಕೆಸುವಿನ ಎಲೆಯೂ ಕೆರೆಯುತ್ತದೆ. ಹುಣಸೆಹುಳಿ ಹಾಕಿ ಪತ್ರೊಡೆ ಮಾಡಲ್ವಾ? ಸುಮ್ನೆ ಹೆದರಿಸ್ತೀರಿ.

ಮೇಷ್ಟ್ರು: ಕೆಸು, ಇದು ಒಂದೇ ಕುಟುಂಬ, ನಿಜ. ಹಾಗಂತ ಇದನ್ನು ತಿನ್ನಲಾಗದು. ಹುಳಿ ಹಾಕಿದರೂ, ಕುದಿಸಿದರೂ.

ವಿಜಯನಗರ ಸದಸ್ಯ: ನಮ್ಮ ಅಜ್ಜಿ ಕಾಲದ ಮದ್ದನ್ನು ಹೀಗೆ ಹಳಿಯಬೇಡಿ.

ಬಸವನಗುಡಿ ಸದಸ್ಯ: ಯಾವ ಅಜ್ಜಿ ಸ್ವಾಮಿ? ಯುರೋಪಿನ ಗಿಡ ಅಂತ ಮೇಷ್ಟ್ರು ಹೇಳಿದರಲ್ಲ.

ವಿಜಯನಗರ ಸದಸ್ಯ: ನೀವು ಫ್ರಿಜ್‌ನಲ್ಲಿ ಬೀಜ ಇಡಿ ಹೋಗಿ.

ಮಲ್ಲೇಶ್ವರಂ ಸದಸ್ಯೆ: ಇಬ್ಬರೂ ಸುಮ್ಮನಿರಿ. ನಾನು ಪತ್ರೊಡೆ ವಿಷಯ ಹೇಳಿದ್ದು, ಔಷಧಿ ವಿಷಯ ಅಲ್ಲ.

ಕೋರಮಂಗಲ ಸದಸ್ಯ: ಸರ್, ಲಂಗ್‌ವರ್ಟ್ ಎಲ್ಲಿ ಸಿಗುತ್ತೆ? ರೇಟ್ ಎಷ್ಟು?

ಮೇಷ್ಟ್ರು: ದಯವಿಟ್ಟು ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿರಿ. ರಾಜಾಜಿನಗರದವರೇ, ಮಗು ಹೇಗಿದೆ?

ರಾಜಾಜಿನಗರ ಸದಸ್ಯೆ: ಮಗು ಮುಟ್ಟಿಲ್ಲ. ಅತ್ತೆ ತುಟಿ ಸ್ವಲ್ಪ ಊದಿದೆ, ಆಟೋದಲ್ಲಿ ಆಸ್ಪತ್ರೆಗೆ ಹೊರಟಿದ್ದೇವೆ.

ಮೇಷ್ಟ್ರು: ಒಳ್ಳೇದು. ಹೋಗಿ ಬಂದು ಹೇಳಿ. ಗಿಡ ಇಟ್ಟುಕೊಳ್ಳುವುದಾದರೆ ಮಗುವಿನ ಕೈಗೆ ಎಟುಕದ ಕಡೆ ಇಡಿ, ಕತ್ತರಿಸುವಾಗ ಗ್ಲೌಸ್ ಹಾಕಿ. ವಿಜಯನಗರದವರೇ, ಆ ಮೆಸೇಜ್ ಇನ್ನೂ ಅಲ್ಲೇ ಇದೆ.

ವಿಜಯನಗರ ಸದಸ್ಯ: ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ ಅಷ್ಟೇ.

ಮೇಷ್ಟ್ರು: ಅಡ್ಮಿನ್ ಯಾರು? ತೆಗೆಯಿರಿ.