ಅಪ್‌ಡೇಟ್: ಫಿಲ್ಮೋ ಡಿಜಿಟಲ್ಲೋ, ಮಡಿಕೇರಿಯಲ್ಲಿ ಯಾವುದು ಅಗ್ಗ?

ಕಪ್ಪು-ಬಿಳುಪು ಫಿಲ್ಮಿನ ಖರ್ಚು ಇಳಿಸೋದಾ, ಡಿಜಿಟಲ್‌ಗೇ ಹೋಗೋದಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಕೈಹಿಡಿದದ್ದು 100 ಅಡಿ ಬಲ್ಕ್ ರೋಲ್ (ಕತ್ತರಿಸದ ಉದ್ದನೆಯ ಫಿಲ್ಮ್ ಸುರುಳಿ) ಕೊಳ್ಳೋ ಸಲಹೆ. 36 ಫ್ರೇಮಿನ ಸುಮಾರು 18 ರೋಲ್ ಆಗುತ್ತೆ. ಅದನ್ನು ಲೋಡರಿನಲ್ಲಿ (ಫಿಲ್ಮನ್ನು ಸಣ್ಣ ರೋಲಾಗಿ ಸುತ್ತೋ ಡಬ್ಬಿ) ಸುತ್ತಿದಾಗ ಪ್ರತಿ ರೋಲಿನ ಕೊನೆಯ ಒಂದೆರಡು ಫ್ರೇಮಿಗೆ ಬೆಳಕು ತಾಗುತ್ತೆ, ಅಲ್ಲಿ ಮುಖ್ಯ ಚಿತ್ರ ತೆಗೀಬೇಡಿ. ಎಚ್‌ಪಿ5 ಫಿಲ್ಮನ್ನು ಡಿ-76 ಡೆವಲಪರಿನಲ್ಲಿ (ಚಿತ್ರ ಮೂಡಿಸೋ ದ್ರಾವಣ; 1+1, ಅಂದರೆ ಸಮಪಾಲು ನೀರು ಬೆರೆಸಿ), 20 ಡಿಗ್ರಿಗೆ 11 ನಿಮಿಷ ಮನೆಯಲ್ಲೇ ಡೆವಲಪ್ ಮಾಡಿದರೆ ಬೆಂಗಳೂರಿನ ಲ್ಯಾಬಿಗೆ ಕಳಿಸೋ ಕೊರಿಯರ್ ಖರ್ಚೂ ಉಳಿಯುತ್ತೆ. ಹೀಗೆ ನೀರು ಬೆರೆಸಿದ ಡೆವಲಪರನ್ನು ಒಮ್ಮೆ ಬಳಸಿದ ಮೇಲೆ ಚೆಲ್ಲಲೇಬೇಕು, ಮತ್ತೆ ಬಳಸೋ ಹಾಗಿಲ್ಲ.

ಅವಧಿ ಮೀರಿದ ಅಗ್ಗದ ರೋಲ್ ಫಲಿಸಲಿಲ್ಲ: ಫಾಗ್ (ಫಿಲ್ಮಿನ ಮೇಲೆ ಮೂಡೋ ಮಸುಕು) ಏರಿ ನೆರಳಿನ ವಿವರವೆಲ್ಲ ಮಂಕು.

ಲೆಕ್ಕಕ್ಕೇ ಬಾರದಿದ್ದದ್ದು ಇಲ್ಲಿನ ಮಳೆ. ತೇವಕ್ಕೆ ಡಿಜಿಟಲ್ ಲೆನ್ಸಿಗೂ ಫಂಗಸ್ (ಬೂಷ್ಟು) ಹಿಡಿಯುತ್ತೆ. 40–50% ತೇವಾಂಶ ಕಾಯ್ದುಕೊಳ್ಳೋ ಡ್ರೈ ಕ್ಯಾಬಿನೆಟ್ (ಕ್ಯಾಮೆರಾ ಇಡೋ ಒಣ ಪೆಟ್ಟಿಗೆ) ಖರ್ಚನ್ನು ಎರಡೂ ಕಡೆ ಸೇರಿಸಿ. ತಿಂಗಳಿಗೊಂದು ರೋಲ್ ಸಾಕೆನ್ನೋರಿಗೆ ಫಿಲ್ಮ್ ನಿಭಾಯಿಸಬಹುದು. ಹಾಕಿ ಪಂದ್ಯದ ರಾಶಿ ಚಿತ್ರ ತೆಗೆಯೋರು ಡಿಜಿಟಲ್ಲೇ ಕೊಳ್ಳಿ.