ಬಿ.ಎ. ಸೈಕಾಲಜಿ ಆದ ಮೇಲೆ ಕ್ಲಿನಿಕ್ ತೆರೆಯಬಹುದಾ?

ಪ್ರಶ್ನೆ (ಡೊಂಬಿವಲಿಯ ಒಬ್ಬ ತಾಯಿ):
ಮೇಡಂ, ನಮಸ್ಕಾರ. ಮಗಳು ಕಾಮರ್ಸ್‌ನಲ್ಲಿ ಹನ್ನೆರಡನೇ ಕ್ಲಾಸ್ ಮುಗಿಸಿದ್ದಾಳೆ. ಈಗ ಬಿ.ಎ. ಸೈಕಾಲಜಿಯೇ ಬೇಕು ಅಂತ ಹಟ ಹಿಡಿದಿದ್ದಾಳೆ. ಲೆಕ್ಕ ಅಂದರೆ ಅವಳಿಗೆ ಭಯ. ಡಿಗ್ರಿ ಆದ ತಕ್ಷಣ ಕ್ಲಿನಿಕ್ ತೆರೆಯಬಹುದಾ? ದಿನಾ ಲೋಕಲ್ ರೈಲಿನ ನೂಕುನುಗ್ಗಲು ಯಾಕೆ, ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಮಾಡಿದರೆ ಆಗಲ್ವಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್, ಠಾಣೆ):
ನಮಸ್ಕಾರ ಅಕ್ಕಾ. ದೂರಶಿಕ್ಷಣ ಬೇಡವೇ ಬೇಡ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲೂ ಆನ್‌ಲೈನ್‌ನಲ್ಲೂ ಯುಜಿಸಿ ನಿಲ್ಲಿಸಿದೆ. ಯಾರಾದರೂ ಸೀಟು ಇದೆ ಅಂದರೆ ದುಡ್ಡು ಕಟ್ಟಬೇಡಿ.

ಬಿ.ಎ. ಆದ ತಕ್ಷಣ ಕ್ಲಿನಿಕ್ ಅಂತೂ ಆಗಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ಮಾನ್ಯತೆ ಇರುವ ಕ್ಲಿನಿಕಲ್ ಸೈಕಾಲಜಿ ಅರ್ಹತೆ ಬೇಕು. ಅದರಲ್ಲಿ ಒಂದು ದಾರಿ ಎಂ.ಎ., ಆಮೇಲೆ ಎರಡು ವರ್ಷದ ಎಂ.ಫಿಲ್. ನಾನು ಬಂದಿದ್ದು ಅದೇ ದಾರಿಯಲ್ಲಿ. ಆರ್‌ಸಿಐ ಕೋರ್ಸ್‌ಗಳು ಈಚೆಗೆ ಬದಲಾಗುತ್ತಿವೆ, ಮಗಳು ಎಂ.ಎ.ಗೆ ಬರುವ ಹೊತ್ತಿಗೆ ಮತ್ತೆ ವಿಚಾರಿಸಿ. ಔಷಧಿ ಬರೆಯುವವರು ಸೈಕಿಯಾಟ್ರಿಸ್ಟ್. ಅವರು ಎಂಬಿಬಿಎಸ್ ಓದಿ ಬಂದವರು.

ಲೆಕ್ಕದ ಭಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನನಗೂ ಅದೇ ಭಯ ಇತ್ತು. ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್, ಕೋರಿಲೇಷನ್ ಥರದ ಸಂಖ್ಯಾಶಾಸ್ತ್ರದ ಲೆಕ್ಕಗಳು ಸೈಕಾಲಜಿಯಲ್ಲಿ ಬರುತ್ತವೆ, ತಪ್ಪಿಸಿಕೊಳ್ಳಲು ಆಗಲ್ಲ. ನನ್ನ ಭಯ ಹೋಗಿದ್ದು ಸ್ಟ್ರೂಪ್ ಪ್ರಯೋಗದಿಂದ. 1935ರಲ್ಲಿ ಸ್ಟ್ರೂಪ್ ಅನ್ನುವ ಮನಶ್ಶಾಸ್ತ್ರಜ್ಞ ಪ್ರಕಟಿಸಿದ್ದು. 'ಕೆಂಪು' ಅಂತ ಹಸಿರು ಶಾಯಿಯಲ್ಲಿ ಬರೆದಿರುತ್ತಾರೆ. ಪದ ಓದದೆ ಶಾಯಿಯ ಬಣ್ಣ ಮಾತ್ರ ಹೇಳಬೇಕು.

ಸ್ಕೆಚ್ ಪೆನ್ನಿನಲ್ಲಿ ಕನ್ನಡದ್ದೊಂದು, ಇಂಗ್ಲಿಷಿನದ್ದೊಂದು ಕಾರ್ಡ್ ಮಾಡಿಕೊಂಡು ಮನೆಗೆ ಬಂದೆ. ಅಪ್ಪ ಕುಂದಾಪುರದಲ್ಲಿ ಕನ್ನಡ ಶಾಲೆಗೆ ಹೋದವರು. ಕನ್ನಡ ಕಾರ್ಡಿನಲ್ಲಿ 'ಕೆಂಪು... ಅಲ್ಲ ಅಲ್ಲ, ಹಸಿರು' ಅಂತ ಸಾಲುಸಾಲಿಗೂ ತಡವರಿಸಿದರು. ತಮ್ಮ ಇಲ್ಲೇ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು, ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುತ್ತಾನೆ. ಅದೇ ಕಾರ್ಡನ್ನು ಪಟಪಟ ಮುಗಿಸಿದ. ಅವನು ಎಡವಿದ್ದು ಇಂಗ್ಲಿಷ್ ಕಾರ್ಡಿನಲ್ಲಿ! ರೂಢಿಯಾದ ಓದು ಬೇಡವೆಂದರೂ ನುಗ್ಗಿ ಬರುತ್ತದೆ, ಅದಕ್ಕೇ ಹೀಗೆ. ಇಬ್ಬರನ್ನು ನೋಡಿ ಏನೂ ಹೇಳುವ ಹಾಗಿಲ್ಲ ಅಂತ ಟೀಚರ್ ಇನ್ನೂ ಹದಿನೆಂಟು ಜನರನ್ನು ಹುಡುಕಿಸಿದರು. ಅಷ್ಟೂ ಜನರ ಸೆಕೆಂಡುಗಳನ್ನು ಪ್ರಾಕ್ಟಿಕಲ್ ಪುಸ್ತಕದಲ್ಲಿ ಬರೆದು ಸರಾಸರಿ ತೆಗೆಯುವಾಗ ಅವು ಲೆಕ್ಕ ಅನ್ನಿಸಲೇ ಇಲ್ಲ. ಒಂದೊಂದು ಅಂಕಿಯ ಹಿಂದೆಯೂ ಒಂದು ಮುಖ ಇತ್ತು.

ಪ್ರಶ್ನೆ (ಮಗಳು):
ಮೇಡಂ, ಅಮ್ಮನ ಫೋನಿನಿಂದ ನಾನೇ ಬರೆಯುತ್ತಿದ್ದೇನೆ. ಕಾಲೇಜು ನೋಡುವಾಗ ಏನು ಕೇಳಲಿ?

ಉತ್ತರ:
ಸೈಕಾಲಜಿ ಕೊನೆಯ ವರ್ಷದವರೆಗೂ ಮೇಜರ್ (ಮುಖ್ಯ ವಿಷಯ) ಆಗಿ ಇದೆಯಾ ಕೇಳು ಪುಟ್ಟಾ. ಕೆಲವು ಕಡೆ ಮೊದಲ ವರ್ಷ ಮಾತ್ರ ಇರುತ್ತದೆ. ಪ್ರಾಕ್ಟಿಕಲ್ ಯಾವ ವರ್ಷದಿಂದ ಅಂತ ಕೇಳು, ಲ್ಯಾಬ್ ಕಣ್ಣಾರೆ ನೋಡು. ಎಂ.ಎ.ಗೆ ನಮ್ಮ ಮುಂಬೈ ಯೂನಿವರ್ಸಿಟಿಯ ಕಲಿನಾ ಕ್ಯಾಂಪಸ್‌ನಲ್ಲೇ ಅಪ್ಲೈಡ್ ಸೈಕಾಲಜಿ ವಿಭಾಗ ಇದೆ.

ಕನ್ನಡ ಬಿಡಬೇಡ. ನನ್ನ ಹತ್ತಿರ ಬರುವ ಎಷ್ಟೋ ಅಜ್ಜಿಯರು ಹಿಂದಿಯಲ್ಲಿ 'ಠೀಕ್ ಹೈ' ಅಂತಷ್ಟೇ ಹೇಳಿ ಸುಮ್ಮನಾಗುತ್ತಾರೆ. ಕನ್ನಡದಲ್ಲಿ ಕೇಳಿದರೆ 'ಎದೆ ಭಾರ ಆಗ್ತದೆ ಮಗಾ' ಅಂತ ಶುರು ಮಾಡುತ್ತಾರೆ.

ಅಡ್ಮಿಷನ್‌ಗೆ ಮುಂಚೆ ಆ ಎರಡು ಕಾರ್ಡ್ ಮಾಡಿ ಅಮ್ಮನಿಗೆ ಕೊಟ್ಟು ನೋಡು, ನೀನೂ ಮಾಡು. ಇಬ್ಬರ ಸೆಕೆಂಡುಗಳನ್ನೂ ಇಲ್ಲೇ ಹಾಕು, ನೋಡೋಣ.