ಕಾಲೇಜು ಮಕ್ಕಳಿಗೆ ಕಾಣಿಕೆ ದುಡ್ಡು: ಫೀಸಿಗಾ, ಕ್ಯಾಂಪಿಗಾ?

ಮಂಗಲಪೇಟೆ ಹುಡುಗ:
ಎಲ್ಲರಿಗೂ ನಮಸ್ಕಾರ. ಬೀದರಿನಿಂದ ಹೋಗಿ ಬೆಂಗಳೂರು, ಹೈದರಾಬಾದ್, ದುಬೈ ಕಡೆ ಕೆಲಸದಲ್ಲಿರುವ ನಮ್ಮ ಚರ್ಚಿನ ಕೆಲವರು ಸೇರಿ ತಿಂಗಳು ತಿಂಗಳು ಸ್ವಲ್ಪ ದುಡ್ಡು ಕೂಡಿಸುತ್ತಿದ್ದೇವೆ. ಡಿಗ್ರಿ, ಡಿಪ್ಲೊಮಾ, ನರ್ಸಿಂಗ್ ಓದುವ ನಮ್ಮ ಮಕ್ಕಳಿಗೆ ಸಹಾಯ ಆಗಲಿ ಅಂತ. ಇಷ್ಟು ದಿನ ಫೀಸಿಗೆ ಮಾತ್ರ ಕೊಟ್ಟೆವು. ಈ ಸಲ ಯುವಜನ ಕೂಟದವರು ಬಂದು, ಒಂದು ಪಾಲು ನಮ್ಮ ಕೈಗೆ ಕೊಡಿ, ದಸರಾ ರಜೆಯಲ್ಲಿ ಕ್ಯಾಂಪ್ ಮಾಡುತ್ತೇವೆ, ಹಳ್ಳಿ ಶಾಲೆಯಲ್ಲಿ ಶನಿವಾರದ ಪಾಠ ನಡೆಸುತ್ತಿದ್ದೇವೆ, ಅದಕ್ಕೆ ಖರ್ಚಿದೆ ಅಂದರು. ಹಿರಿಯರಿಗೆ ಸಿಟ್ಟು. ಓದೋಕೆ ಕೊಟ್ಟ ದುಡ್ಡಲ್ಲಿ ಟೂರ್ ಹೊಡೀತಾರೆ ಅಂತಾರೆ. ನೀವೇನಂತೀರಿ?

ಬಿಸಿಲೂರು:
ಇದರಲ್ಲಿ ಚರ್ಚೆ ಮಾಡೋದೇನಿದೆ? ಫೀಸು. ನಮ್ಮ ಜನಕ್ಕೆ ಬೇರೆಯವರಿಗಿರುವಷ್ಟು ದಾರಿಗಳಿಲ್ಲ, ಅದನ್ನು ಮೊದಲು ನೋಡಿ. 1950ರ ರಾಷ್ಟ್ರಪತಿ ಆದೇಶ, ಅದರ ತಿದ್ದುಪಡಿಗಳ ಪ್ರಕಾರ ಎಸ್‌ಸಿ ಸೌಲಭ್ಯ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಅಜ್ಜನ ಕಾಲದಲ್ಲಿ ಕ್ರೈಸ್ತರಾದ ದಲಿತ ಮನೆಯ ಹುಡುಗ ಅದೇ ಓಣಿಯಲ್ಲಿ, ಅದೇ ಬಡತನದಲ್ಲಿ ಇದ್ದರೂ ರಾಜ್ಯದಲ್ಲಿ ಅವನಿಗೆ ಸಿಗೋದು ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1, ಉಳಿದ ಕ್ರೈಸ್ತರಿಗೆ 3ಬಿ. ಊಟ, ವಸತಿಗೆ ಅಂತ ಸರ್ಕಾರ ಕೊಡುವ ವಿದ್ಯಾಸಿರಿ ಸಿಕ್ಕರೂ ಸ್ವಲ್ಪವೇ, ಅದೂ ವರ್ಷಕ್ಕೆ 10 ತಿಂಗಳು. ಪಿಜಿ ಬಾಡಿಗೆಗೇ ಸಾಲಲ್ಲ. ಅದೂ ಯಾವಾಗ ಬರುತ್ತೆ ಅಂತ ಕೇಳಬೇಡಿ. ಪರೀಕ್ಷೆಗೆ ಮುಂಚೆ ಹಾಲ್ ಟಿಕೆಟ್ ಕೊಡಲ್ಲ ಅಂತ ಆಫೀಸಿನವರು ನಿಲ್ಲಿಸಿದಾಗ ಕ್ಯಾಂಪಿನ ಹಾಡು ಕೆಲಸಕ್ಕೆ ಬರುತ್ತಾ?

ಫೈನಲ್ ಇಯರ್:
ಬಿಸಿಲೂರು ಅಣ್ಣಾ, ಫೀಸು ಬೇಡ ಅಂತ ಯಾರೂ ಹೇಳಿಲ್ಲ. ನಾನು ಆ ಕೂಟದವನೇ, ಇಂಜಿನಿಯರಿಂಗ್. ನನ್ನ ಫೀಸಿನ ಒಂದು ಭಾಗ ಇದೇ ದುಡ್ಡಿನಿಂದ ಬಂದಿದೆ, ಆದ್ದರಿಂದ ನನಗೆ ಮಾತಾಡಲು ಸ್ವಲ್ಪ ಸಂಕೋಚವೇ. ಆದರೂ ಹೇಳ್ತೀನಿ. ಶನಿವಾರದ ಪಾಠ ನಾವು ನಮ್ಮ ಜೇಬಿನಿಂದ ಶುರು ಮಾಡಿದ್ದು. ಹುಡುಗಿಯರಿಗೆ ಶಕ್ತಿ ಯೋಜನೆಯಿಂದ ಬಸ್ ಫ್ರೀ, ಹುಡುಗರು ಟಿಕೆಟ್ ತೆಗೆಸಬೇಕು. ಚಾಕ್‌ಪೀಸ್, ಕಾಪಿ, ಸಂಜೆ ಮಕ್ಕಳಿಗೆ ಒಂದಿಷ್ಟು ಬಿಸ್ಕೆಟ್, ಇದೇ ಖರ್ಚು. ದೊಡ್ಡದೇನಲ್ಲ, ಆದರೆ ತಿಂಗಳ ಕೊನೆಗೆ ನಮ್ಮ ಹತ್ತಿರ ಅದೂ ಇರಲ್ಲ.

ಮೊದಮೊದಲು ಮಧ್ಯಾಹ್ನ 2 ಗಂಟೆಗೆ ಹೋಗ್ತಿದ್ವಿ. ತೊಗರಿ ಕಟಾವು ಶುರುವಾದ ಮೇಲೆ ಶಾಲೆ ವರಾಂಡ ಖಾಲಿ. ದೊಡ್ಡ ಮಕ್ಕಳು ಹೊಲದಲ್ಲಿ, ಸಣ್ಣವರು ತಮ್ಮ ತಂಗಿಯರನ್ನು ಎತ್ತಿಕೊಂಡು ಮನೆಯಲ್ಲಿ. ನಮ್ಮಲ್ಲೊಬ್ಬಳು ನರ್ಸಿಂಗ್ ಓದ್ತಾಳೆ, ಅವಳೇ ಮನೆ ಮನೆಗೆ ಹೋಗಿ ಕೇಳಿಕೊಂಡು ಬಂದು ಸಮಯ ಸಂಜೆ 6ಕ್ಕೆ ಬದಲಿಸಿದಳು. ಆಗ ತುಂಬಿತು. ಐದನೇ ಕ್ಲಾಸಿನ ಒಬ್ಬ ಹುಡುಗ ಹನ್ನೆರಡರ ಮಗ್ಗಿ ಗಡಗಡ ಹೇಳ್ತಾನೆ, ಆದರೆ ಬೋರ್ಡಿನ ಮೇಲೆ 12 ಗುಣಿಲೆ 4 ಅಂತ ಬರೆದರೆ ಸುಮ್ನೆ ನೋಡ್ತಾನೆ. ಅವನಿಗೆ ಅದನ್ನ ಹೇಗೆ ತಿಳಿಸೋದು ಅಂತ ನಾವು ಇಂಜಿನಿಯರಿಂಗ್ ಹುಡುಗರು ಬಸ್‌ನಲ್ಲಿ ವಾಪಸ್ ಬರುವಾಗ ಜಗಳ ಆಡಿದ್ದೀವಿ. ಕ್ಲಾಸಿನಲ್ಲಿ ಅಷ್ಟು ಯೋಚನೆ ಮಾಡಿದ್ದು ನನಗಂತೂ ನೆನಪಿಲ್ಲ.

ಶರಣು ಕಲಬುರಗಿ:
ನಾನು ನಿಮ್ಮ ಸಮಾಜದವನಲ್ಲ, ಹೊರಗಿನಿಂದ ನೋಡಿ ಒಂದು ಮಾತು ಹೇಳ್ತೀನಿ, ಬೇಜಾರಾಗಬೇಡಿ. ನಮ್ಮಲ್ಲಿ ಶರಣಬಸವೇಶ್ವರ ಗುಡಿಯ ದಾಸೋಹ ಇದೆ, ಬೀದರಿನವರಿಗೆ ನಾನಕ್ ಝೀರಾ ಗುರುದ್ವಾರದ ಲಂಗರ್ ಊಟದ ಬಗ್ಗೆ ನಾನು ಹೇಳಬೇಕಾಗಿಲ್ಲ. ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ನಮ್ಮ ಮನೆಯಲ್ಲೇ ಇದ್ದಾರೆ. ಹಾಗಾಗಿ ಕೊಡುವುದರ ಬಗ್ಗೆ ನನಗೆ ತಕರಾರಿಲ್ಲ. ಪ್ರಶ್ನೆ ಒಂದೇ. ಹಳ್ಳಿ ಮಕ್ಕಳಿಗೆ ಪಾಠ ಹೇಳೋಕೆ ಹೋಗ್ತೀರಿ, ಅದರ ಜೊತೆ ಪ್ರಾರ್ಥನೆಯೂ ಹೋಗುತ್ತಾ? ದುಡ್ಡು ಕೊಟ್ಟವರು ಅದನ್ನೇ ನಿರೀಕ್ಷೆ ಮಾಡ್ತಾರಾ?

ಫೈನಲ್ ಇಯರ್:
ನೇರವಾಗಿ ಕೇಳಿದ್ರಿ, ಒಳ್ಳೇದಾಯ್ತು. ಪಾಠದಲ್ಲಿ ಪ್ರಾರ್ಥನೆ ಇಲ್ಲ. ಅದು ಸರ್ಕಾರಿ ಶಾಲೆ, ಶಾಲಾ ಸಮಿತಿ, ಅಂದ್ರೆ ಎಸ್‌ಡಿಎಂಸಿಯವರೇ ಬೀಗದ ಕೈ ಕೊಟ್ಟಿರೋದು. ಬರುವ ಮಕ್ಕಳಲ್ಲಿ ನಮ್ಮವರು ಕಡಿಮೆ. ಕ್ಯಾಂಪ್ ಬೇರೆ. ಅಲ್ಲಿ ನಾವು ನಾವೇ, ಬೈಬಲ್ ಓದ್ತೀವಿ, ಪ್ರಾರ್ಥನೆ ಮಾಡ್ತೀವಿ, ಅದನ್ನ ಮುಚ್ಚಿಡೋ ಅಗತ್ಯ ಇಲ್ಲ. ಎರಡರ ಲೆಕ್ಕವನ್ನೂ ಬೇರೆ ಬೇರೆ ಇಡ್ತೀವಿ.

ಶರಣು ಕಲಬುರಗಿ:
ಹಾಗಾದ್ರೆ ಸರಿ. ಇದನ್ನ ಊರಿನವರಿಗೂ ಹೀಗೇ ಬಾಯಿಬಿಟ್ಟು ಹೇಳಿಬಿಡಿ. ಯಾರೋ ಒಬ್ಬರು ವಿಡಿಯೋ ಮಾಡಿ ಹಾಕಿದ ಮೇಲೆ ಹೇಳಿದರೆ ಯಾರೂ ಕೇಳಲ್ಲ.

ಭೀಮೆ ದಂಡೆ:
ನಾನು ಯಾದಗಿರಿ ಕಡೆಯವಳು, ನರ್ಸ್. ದಾನಿಗಳ ದುಡ್ಡಿನಿಂದಲೇ ಓದಿದವಳು, ಆದ್ದರಿಂದ ಎರಡೂ ಬದಿ ಹೇಳ್ತೀನಿ.

ಚಿಕ್ಕವಳಿದ್ದಾಗ ಒಂದು ಹಾಸ್ಟೆಲ್‌ನಲ್ಲಿದ್ದೆ. ಹೆಸರು ಬೇಡ. ವರ್ಷಕ್ಕೊಮ್ಮೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಎದೆಯ ಹತ್ತಿರ ನಂಬರ್ ಬರೆದ ಸ್ಲೇಟ್ ಹಿಡಿಸಿ ಫೋಟೋ ತೆಗೀತಿದ್ದರು. ಆಮೇಲೆ ಬೋರ್ಡಿನ ಮೇಲೆ ಬರೆದ ಪತ್ರವನ್ನು ಎಲ್ಲರೂ ನಕಲು ಮಾಡಬೇಕು. ಪ್ರಿಯ ದಾನಿಗಳೇ, ನಾನು ಚೆನ್ನಾಗಿದ್ದೇನೆ, ಇಲ್ಲಿ ಹವಾಮಾನ ಚೆನ್ನಾಗಿದೆ. ಯಾದಗಿರಿಯಲ್ಲಿ, ಏಪ್ರಿಲ್ ತಿಂಗಳಲ್ಲಿ, ಹವಾಮಾನ ಚೆನ್ನಾಗಿದೆಯಂತೆ! ಬೆವರು ಬಿದ್ದು ಶಾಯಿ ಹರಡುತ್ತಿತ್ತು. ನನಗೆ ಓದಿಸಿದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಅವರಿಗೂ ನಾನು ಯಾರು ಅಂತ ಗೊತ್ತಿರಲಿಕ್ಕಿಲ್ಲ. ಒಂದು ಫೋಟೋ ಇರಬಹುದು ಅವರ ಮನೆಯ ಫ್ರಿಜ್ ಮೇಲೆ.

ಅದೇ ನರ್ಸಿಂಗ್ ಓದುವಾಗ ಬೇರೆ ಥರ ಆಯ್ತು. ಚರ್ಚಿನ ಒಬ್ಬ ನಿವೃತ್ತ ಮೇಷ್ಟ್ರು ತಿಂಗಳಿಗೆ ಸ್ವಲ್ಪ ಕಳಿಸುತ್ತಿದ್ದರು. ಫೋನ್ ಮಾಡಿದಾಗ ಮಾರ್ಕ್ಸ್ ಕೇಳುತ್ತಿರಲಿಲ್ಲ, ಈ ವಾರ ಯಾವ ವಾರ್ಡು, ರಾತ್ರಿ ಊಟ ಮಾಡಿದೆಯಾ ಅಂತ ಕೇಳುತ್ತಿದ್ದರು. ಒಂದು ಸಲ ಕಾಲೇಜಿನಿಂದ ಹಳ್ಳಿಗೆ ಆರೋಗ್ಯ ತಪಾಸಣೆಗೆ ಹೋಗೋದಿತ್ತು, ಹುಡುಗಿಯರೇ ಖರ್ಚು ಹಾಕಿಕೊಳ್ಳಬೇಕಿತ್ತು. ನಾನು ಬರಲ್ಲ ಅಂದುಬಿಟ್ಟಿದ್ದೆ. ಹೇಗೋ ಗೊತ್ತಾಗಿ ಅವರೇ ಕಳಿಸಿದರು. ರಕ್ತದೊತ್ತಡ ನೋಡಿಸಿಕೊಳ್ಳೋಕೆ ಬಂದ ಅಜ್ಜಿಯರು ಕೈ ಚಾಚಿ ಕೂತು ಮನೆ ಕಥೆ ಎಲ್ಲ ಹೇಳುತ್ತಿದ್ದರು. ಪೇಷಂಟ್ ಜೊತೆ ಹೇಗೆ ಮಾತಾಡಬೇಕು ಅಂತ ನಾನು ಕಲಿತಿದ್ದು ಅಲ್ಲಿ. ಆದ್ದರಿಂದ ಬಿಸಿಲೂರು ಅವರೇ, ಫೀಸು ಮಾತ್ರ ಓದು ಅಂತ ನೀವು ಹೇಳೋದನ್ನ ನಾನು ಒಪ್ಪಲ್ಲ.

ಬಿಸಿಲೂರು:
ಅಕ್ಕಾ, ನಿಮ್ಮದು ಕಾಲೇಜಿನ ಕಡೆಯಿಂದ ಆದ ಕೆಲಸ, ಓದಿನದೇ ಭಾಗ. ಇಲ್ಲಿ ಕೇಳ್ತಿರೋದು ದಸರಾ ಕ್ಯಾಂಪಿನ ಊಟ, ಟೆಂಟು, ಮೈಕ್. ನನ್ನ ಸಿಟ್ಟು ಮೈಕಿನ ಮೇಲೆ!

ಹಳೇ ಮೆಥಡಿಸ್ಟ್:
ಮೈಕ್ ಬಿಡ್ರಿ, ನಮ್ಮ ಚರ್ಚುಗಳು ಮೈಕಿಲ್ಲದೆ ನಡೆಯೋದು ಕಷ್ಟ.

ನಾನು ಸ್ವಲ್ಪ ಹಿಂದಿನದು ಹೇಳ್ತೀನಿ. ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆ ನೋಡಿದ್ದೀರಲ್ಲ, ಆ ಹೆಸರು ಅಮೆರಿಕದ ಟೆನ್ನೆಸ್ಸೀ ಕಡೆಯ ಮೆಥಡಿಸ್ಟ್ ಸಭೆಗಳ ಒಕ್ಕೂಟದ್ದು. ಅಲ್ಲಿನ ಒಂದು ನದಿಯ ಹೆಸರು ನಮ್ಮ ಊರಿನ ಬೋರ್ಡಿನ ಮೇಲೆ ಬಂದಿದ್ದು ಕಾಣಿಕೆ ಹಾದುಬಂದ ದಾರಿಯಿಂದ. ಯಾರೋ ರೈತರು, ಅಂಗಡಿಯವರು ತಾವು ಎಂದೂ ನೋಡದ ಊರಿಗೆ ಕೊಟ್ಟರು. ಅಮೆರಿಕದ ಕಾಲೇಜುಗಳಲ್ಲಿ ಇವತ್ತಿಗೂ ಇದು ನಡೀತಿದೆ. ಇಂಟರ್‌ವಾರ್ಸಿಟಿ ಅಂತ ಕ್ರೈಸ್ತ ವಿದ್ಯಾರ್ಥಿಗಳ ಸಂಸ್ಥೆ ಇದೆ, 1951ರಲ್ಲಿ ಕ್ಯಾಂಪಸ್ ಕ್ರುಸೇಡ್ ಅಂತ ಶುರುವಾಗಿ ಈಗ ಕ್ರೂ ಅಂತ ಕರೆಸಿಕೊಳ್ಳೋ ಸಂಸ್ಥೆ ಇದೆ. ಅಲ್ಲಿ ವಿದ್ಯಾರ್ಥಿಗಳ ನಡುವೆ ಕೆಲಸ ಮಾಡೋ ಸಿಬ್ಬಂದಿ ತಮ್ಮ ಸಂಬಳಕ್ಕೆ ತಾವೇ ದಾನಿಗಳನ್ನ ಹುಡುಕಬೇಕು. ದಾನಿಗಳಿಗೆ ಪತ್ರ ಬರೀತಾ ಇರಬೇಕು. ಆ ದುಡ್ಡು ಕಟ್ಟಡಕ್ಕೆ ಹೋಗಲ್ಲ, ಹಾಸ್ಟೆಲ್ ಹುಡುಗರ ಜೊತೆ ಕೂತು ಮಾತಾಡೋ ಒಬ್ಬ ಮನುಷ್ಯನಿಗೆ ಹೋಗುತ್ತೆ. ನಮ್ಮ ದೇಶದಲ್ಲೂ 1954ರಿಂದ ಯುಇಎಸ್‌ಐ ಅಂತ ಅಂಥದ್ದೇ ಕ್ರೈಸ್ತ ವಿದ್ಯಾರ್ಥಿ ಸಂಘಟನೆ ಇದೆ. ಓದು ಮುಗಿಸಿ ಕೆಲಸ ಹಿಡಿದವರು ಮುಂದಿನ ಮಕ್ಕಳ ಬೆನ್ನಿಗೆ ನಿಲ್ಲೋದು ಅಲ್ಲಿನ ರೂಢಿ. ಮಂಗಲಪೇಟೆ ಹುಡುಗ ಮಾಡ್ತಿರೋದು ಅದನ್ನೇ.

ಇನ್ನೊಂದು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜು ಸಿಎಂಸಿಯಲ್ಲಿ ಚರ್ಚುಗಳು ಪ್ರಾಯೋಜಿಸುವ ಮಕ್ಕಳು ಓದಿದ ಮೇಲೆ 2 ವರ್ಷ ತಮ್ಮನ್ನು ಕಳಿಸಿದವರ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಸಹಾಯ ಮತ್ತು ಸೇವೆ ಎರಡನ್ನೂ ಒಂದೇ ಒಪ್ಪಂದದಲ್ಲಿ ಕಟ್ಟಿದ್ದಾರೆ. ನಾವೂ ಹಂಗೆ ಮಾಡಬಾರದ್ಯಾಕೆ? ದುಡ್ಡು ತಗೊಂಡವರು ವರ್ಷಕ್ಕಿಷ್ಟು ಶನಿವಾರ ಪಾಠ ಹೇಳಲೇಬೇಕು ಅಂತ.

ಭೀಮೆ ದಂಡೆ:
ಬೇಡ ಅಣ್ಣಾ. ವೆಲ್ಲೂರಿನಲ್ಲಿ ಅದು ಡಾಕ್ಟರ್ ಸೀಟು, ಸೇರುವ ಮುಂಚೆಯೇ ಗೊತ್ತಿರುತ್ತೆ. ಇಲ್ಲಿ ಸೆಮಿಸ್ಟರ್ ಫೀಸಿಗೆ ಬಾಂಡ್ ಬರೆಸಿಕೊಂಡರೆ, ಆ ಹುಡುಗ ಹಳ್ಳಿಯ ಮಕ್ಕಳ ಮುಂದೆ ಮುಖ ಗಂಟು ಹಾಕಿಕೊಂಡು ಕೂರುತ್ತಾನೆ. ಮಕ್ಕಳಿಗೆ ಅದು ಬೇಗ ತಿಳಿಯುತ್ತೆ. ಪರೀಕ್ಷೆ ಇರುವ ವಾರ ಅವನು ಏನು ಮಾಡಬೇಕು? ಅಪ್ಪ ಹುಷಾರಿಲ್ಲದೆ ಊರಿಗೆ ಹೋದರೆ?

ಹಳೇ ಮೆಥಡಿಸ್ಟ್:
ಅದೂ ಸರಿನೇ. ಆದರೆ ತಗೊಂಡು ಸುಮ್ನೆ ಹೋಗಿಬಿಡೋರೂ ಇದ್ದಾರಲ್ಲಮ್ಮಾ.

ಭೀಮೆ ದಂಡೆ:
ಇರ್ತಾರೆ. ಹೋಗಲಿ ಬಿಡಿ. ಆ ನಾಲ್ಕು ಜನಕ್ಕೆ ಹೆದರಿ ಎಲ್ಲರ ಕುತ್ತಿಗೆಗೂ ಹಗ್ಗ ಕಟ್ಟೋದು ಬೇಡ.

ಅಕೌಂಟ್ಸ್ ಅಕ್ಕ:
ಎಲ್ಲರೂ ಸೇವೆ ಬಗ್ಗೆ ಬರೆದ್ರಿ, ಯಾರೂ ಅಕೌಂಟ್ ಬಗ್ಗೆ ಬರೆದಿಲ್ಲ. ಮೊದಲು ದುಬೈ ವಿಷಯ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ದುಡಿಮೆಯನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಆದರೆ ಬೇರೆ ದೇಶದ ಪೌರತ್ವ ತಗೊಂಡ ಮಾವನೋ ಅತ್ತೆಯೋ ಕಳಿಸಿದರೆ ಅದು ವಿದೇಶಿ ದೇಣಿಗೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅಷ್ಟೇ. ಆಗ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಇಲ್ಲವೇ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿ ನಂತರ ಇನ್ನೂ ಬಿಗಿ. ಅಂಥ ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಬಂದ ಮೇಲೆ ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ, ಆಡಳಿತದ ಖರ್ಚು 20 ಪರ್ಸೆಂಟ್ ಮೀರುವ ಹಾಗಿಲ್ಲ, ಮೊದಲು 50 ಇತ್ತು. ಹಳೇ ಕಾಲದ ಹಾಗೆ ಅಮೆರಿಕದಿಂದ ಬರುತ್ತೆ ಅಂತ ಕೂರುವುದು ಇನ್ನು ನಡೆಯಲ್ಲ, ಚಿಕ್ಕ ಗುಂಪುಗಳಿಗಂತೂ ತುಂಬಾ ಕಷ್ಟ.

ಎರಡನೇದು, ಈ ದುಡ್ಡನ್ನ ಯಾರೋ ಒಬ್ಬರ ಸ್ವಂತ ಖಾತೆಯಲ್ಲಿ ಇಟ್ಟಿದ್ದೀರಾ? ಹಾಗಿದ್ದರೆ ಇವತ್ತೇ ನಿಲ್ಲಿಸಿ. ಟ್ರಸ್ಟ್ ಮಾಡಿ. ದಾನಕ್ಕೆ ತೆರಿಗೆ ವಿನಾಯಿತಿಯ ಅನುಮೋದನೆ ಸಿಕ್ಕರೆ ಹಳೇ ತೆರಿಗೆ ಪದ್ಧತಿಯಲ್ಲಿರುವ ದಾನಿಗಳಿಗೂ ಲಾಭ, ನಗದು ಮಾತ್ರ 2000 ದಾಟಿದರೆ ವಿನಾಯಿತಿ ಇಲ್ಲ.

ಮೂರನೇದು ನನ್ನ ಸ್ವಂತ ಅಭಿಪ್ರಾಯ. ಕ್ಯಾಂಪಿಗೆ ಕೊಡಿ, ಆದರೆ ಲೆಕ್ಕದ ಪುಸ್ತಕ ಮಕ್ಕಳೇ ಬರೆಯಲಿ. ಬಿಲ್ಲು ಅಂಟಿಸಲಿ. ದಾನಿಗಳಿಗೆ ಮಕ್ಕಳ ಮುಖದ ಫೋಟೋ ಬೇಡ, ಆ ಪುಸ್ತಕದ ಪುಟದ ಫೋಟೋ ಕಳಿಸಿ.

ಫೈನಲ್ ಇಯರ್:
ಅಕ್ಕಾ, ಇದು ನನಗೆ ಇಷ್ಟ ಆಯ್ತು. ಈಗ ಕೊಡುವವರು ನಮ್ಮನ್ನ ಮಕ್ಕಳ ಥರ ನೋಡ್ತಾರೆ, ಫೀಸನ್ನ ನೇರ ಕಾಲೇಜಿಗೆ ಕಟ್ಟಿ ರಸೀದಿ ತಮ್ಮಲ್ಲೇ ಇಟ್ಕೊಳ್ತಾರೆ. ಅದು ತಪ್ಪು ಅನ್ನಲ್ಲ. ಆದರೆ ನಮ್ಮ ಕೈಗೆ ಒಂದು ಸಾವಿರ ರೂಪಾಯಿ ಕೊಟ್ಟು, ಇದರಲ್ಲಿ ಯಾವುದು ಮೊದಲು ಅಂತ ನೀವೇ ಕೂತು ತೀರ್ಮಾನ ಮಾಡಿ ಅಂದರೆ, ಆಗ ನಾವು ಬೆಳೀತೀವಿ. ಪಾಠ ಸಂಜೆ 6ಕ್ಕೆ ಬದಲಾದದ್ದೂ ಹಾಗೇ, ಯಾರೂ ಬಂದು ಹೇಳಿಲ್ಲ.

ಬಿಸಿಲೂರು:
ಸರಿ, ಒಂದು ಸಾವಿರಕ್ಕೆ ನನ್ನ ವಿರೋಧ ಇಲ್ಲ. ಆದರೆ ಒಂದು ಷರತ್ತು. ಯಾವ ಹುಡುಗನ ಫೀಸು ಬಾಕಿ ಇದೆಯೋ ಅದು ತೀರುವ ತನಕ ಕ್ಯಾಂಪಿನ ಹಣ ತೆಗೀಬಾರದು. ನಿಮ್ಮ ಕೂಟದಲ್ಲೇ ಫೀಸು ಬಾಕಿ ಇರುವವನು ಹಾಡು ಹೇಳ್ತಾ ಕೂತಿದ್ದರೆ ಆ ಕ್ಯಾಂಪ್ ಯಾರಿಗೆ?

ಹಳೇ ಮೆಥಡಿಸ್ಟ್:
ಇದಕ್ಕೆ ಒಪ್ಪಿಗೆ. ಕ್ಯಾಂಪಿನ ಊಟಕ್ಕೆ ದುಡ್ಡು ಕೇಳುವ ಮುಂಚೆ ಚರ್ಚಿನ ಮನೆಗಳನ್ನ ಕೇಳಿ. ಸುಗ್ಗಿ ಹಬ್ಬದಲ್ಲಿ ಜೋಳ, ಕೋಳಿ, ಕುಂಬಳಕಾಯಿ ತಂದು ಹರಾಜು ಹಾಕೋ ಜನ ನಾವು, ಒಂದು ಕುಂಬಳಕಾಯಿಗೆ ಪೈಪೋಟಿ ಮೇಲೆ ನೂರಾರು ರೂಪಾಯಿ ಕೊಟ್ಟದ್ದು ಎಲ್ಲರಿಗೂ ಗೊತ್ತು. ಮಿಜೋರಾಂನಲ್ಲಿ 1910ರಿಂದ ಹೆಂಗಸರು ಪ್ರತಿ ಅಡುಗೆಗೆ ಮುಂಚೆ ಒಂದು ಹಿಡಿ ಅಕ್ಕಿ ತೆಗೆದಿಟ್ಟು ಚರ್ಚಿಗೆ ಕೊಡ್ತಾರೆ, ಅದರಿಂದ ಸುವಾರ್ತೆಯ ಸೇವಕರನ್ನ ಕಳಿಸ್ತಾರೆ. ಬಡ ಊರೇನು ಕೊಡುತ್ತೆ ಅಂತ ಯಾರಾದರೂ ಕೇಳಿದರೆ ಇದನ್ನ ಹೇಳಿ. ನಾವು ಹಿಡಿ ಜೋಳ ತೆಗೆದಿಟ್ಟರೂ ಕ್ಯಾಂಪಿನ ರೊಟ್ಟಿ ಆಗುತ್ತೆ.

ಭೀಮೆ ದಂಡೆ:
ರೊಟ್ಟಿ ಬಡಿಯೋರು ಯಾರು ಅಂತಲೂ ಈಗಲೇ ತೀರ್ಮಾನ ಮಾಡಿ. ಹುಡುಗಿಯರು ಒಲೆ ಮುಂದೆ, ಹುಡುಗರು ಬೈಬಲ್ ಸ್ಟಡಿಯಲ್ಲಿ, ಹಾಗಾಗಬಾರದು. ನಾನು ನೋಡಿದ ಎಲ್ಲ ಕ್ಯಾಂಪಿನಲ್ಲೂ ಹಾಗೇ ಇತ್ತು.

ಫೈನಲ್ ಇಯರ್:
ಪಾಳಿ ಹಾಕ್ತೀವಿ ಅಕ್ಕಾ. ನನಗೆ ರೊಟ್ಟಿ ಬರಲ್ಲ, ಪಲ್ಯ ಬರುತ್ತೆ.

ಮಂಗಲಪೇಟೆ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಗುಂಪಿನಲ್ಲಿ ಇದನ್ನ ಹೀಗೆ ಇಡ್ತೀನಿ. ಮೊದಲು ಬಾಕಿ ಫೀಸಿನ ಪಟ್ಟಿ, ಅದು ತೀರಿದ ಮೇಲೆ ಉಳಿದದ್ದರಲ್ಲಿ ಒಂದು ಪಾಲು ಕೂಟದ ಕೈಗೆ, ಪುಸ್ತಕ ಅವರದೇ. ಶನಿವಾರದ ಪಾಠದ ಬಸ್ ಖರ್ಚು ಮಾತ್ರ ಯಾವುದಕ್ಕೂ ಕಾಯದೆ ಈ ತಿಂಗಳಿಂದಲೇ. ಬಾಂಡ್ ಇಲ್ಲ. ಕ್ಯಾಂಪಿಗೆ ಅಕ್ಕಿ, ಜೋಳ ಚರ್ಚಿನಿಂದ. ಹಿರಿಯರು ಒಪ್ಪುತ್ತಾರೋ ಇಲ್ವೋ, ಭಾನುವಾರ ಆರಾಧನೆ ಮುಗಿದ ಮೇಲೆ ಗೊತ್ತಾಗುತ್ತೆ. ಅಕೌಂಟ್ಸ್ ಅಕ್ಕಾ, ದುಡ್ಡು ಈಗ ನನ್ನ ತಮ್ಮನ ಖಾತೆಯಲ್ಲಿದೆ. ಟ್ರಸ್ಟ್ ಡೀಡ್‌ಗೆ ಏನೇನು ಕಾಗದ ಬೇಕು ಅಂತ ಮೆಸೇಜ್ ಮಾಡ್ತೀರಾ?

ಅಕೌಂಟ್ಸ್ ಅಕ್ಕ:
ತಮ್ಮನ ಖಾತೆಯಾ! ರಾತ್ರಿ ಕಳಿಸ್ತೀನಿ. ಅಲ್ಲಿಯವರೆಗೆ ಅದರಿಂದ ಒಂದು ರೂಪಾಯಿ ತೆಗೀಬೇಡಿ ಅಂತ ಅವನಿಗೆ ಹೇಳಿ.